ಒಂದು ಪೊಟ್ಟಣಕ್ಕೆ ಎಷ್ಟು ಲೋಟ?

ಈಚೆಗೆ ನಮ್ಮ ಮನೆಯಲ್ಲಿ ಎರಡು ವರ್ಷದ ಮೊಮ್ಮಗನಿಗೆ ಭೇದಿ ಹತ್ತಿಕೊಂಡಿತು. ವೈದ್ಯರು ಓಆರ್‌ಎಸ್ ಪುಡಿ ಬರೆದುಕೊಟ್ಟರು. ಮನೆಗೆ ಬಂದವನೇ ನಾನು ಒಂದು ಲೋಟ ನೀರಿಗೆ ಇಡೀ ಪೊಟ್ಟಣ ಸುರಿದು ಕಲಕತೊಡಗಿದೆ. ಗಟ್ಟಿಯಾಗಿದ್ದಷ್ಟೂ ಬೇಗ ಗುಣವಾದೀತು ಎಂಬ ಎಣಿಕೆ. ಸೊಸೆ ಖಾಲಿ ಪೊಟ್ಟಣ ಎತ್ತಿಕೊಂಡು ಓದಿ, "ಮಾವ, ಇದನ್ನ ಒಂದು ಲೀಟರ್ ನೀರಿಗೆ ಹಾಕಬೇಕಂತೆ. ನೀವು ಲೋಟಕ್ಕೇ ಹಾಕಿಬಿಟ್ರಲ್ಲ!" ಎಂದಳು.

ನಮ್ಮ ಲೋಟ ಹಿಡಿಯುವುದು 200 ಮಿಲಿಲೀಟರ್. ಅಂದರೆ ಇರಬೇಕಾದ್ದಕ್ಕಿಂತ ಐದು ಪಟ್ಟು ಗಟ್ಟಿ! ಪುಣ್ಯಕ್ಕೆ ಮಗು ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಅದನ್ನೇ ಪಾತ್ರೆಗೆ ಬಗ್ಗಿಸಿ, ಕುದಿಸಿ ಆರಿಸಿದ ನೀರನ್ನು ಇನ್ನೂ ನಾಲ್ಕು ಲೋಟ ಸೇರಿಸಿದೆವು. ಮೂವತ್ತು ವರ್ಷ ಶಾಲೆಯಲ್ಲಿ ಅನುಪಾತದ ಪಾಠ ಹೇಳಿದವನು ನಾನು!

ಏಳನೇ ತರಗತಿಯ ಮೊಮ್ಮಗಳು ಬಿಟ್ಟಾಳೆಯೇ? "ತಾತ, ಪುಡಿ ಹೆಚ್ಚಾದ್ರೆ ಏನಾಗುತ್ತೆ? ಅದೂ ಔಷಧಿ ತಾನೆ?" ಎಂದು ಹಿಡಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಸಣ್ಣಕರುಳು ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸ್‌ಗಳನ್ನು ಜೊತೆಜೊತೆಯಾಗಿ ಹೀರಿಕೊಳ್ಳುತ್ತದೆ. ಅವುಗಳ ಬೆನ್ನಿಗೆ ನೀರೂ ದೇಹದೊಳಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದಂತೆ ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಜೊತೆಗೆ ಎರಡು ಬಗೆಯ ಲವಣ, ಒಟ್ಟು 20.5 ಗ್ರಾಂ ಪುಡಿ. ಇದರಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕಣಗಳ ಸಂಖ್ಯೆಯನ್ನು ಹೋಲಿಸಿದರೆ ಅನುಪಾತ ಸರಿಯಾಗಿ 1:1. ದ್ರಾವಣ ಅತಿ ಗಟ್ಟಿಯಾದರೆ ಕೆಲಸ ತಿರುಗುಮುರುಗಾಗುತ್ತದೆ. ನೀರು ಕರುಳಿನಿಂದ ದೇಹಕ್ಕೆ ಹೋಗುವ ಬದಲು ದೇಹದಿಂದ ಕರುಳಿಗೆ ಇಳಿಯುತ್ತದೆ, ಭೇದಿ ಹೆಚ್ಚುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಎಳೆಯ ಮಕ್ಕಳಿಗೆ ಫಿಟ್ಸ್ ಕೂಡ ಬರಬಹುದು. ಹಾಗೆಂದು ನೀರು ತೀರಾ ಹೆಚ್ಚಾದರೆ ಲವಣ ಸಾಲದೆ ಪ್ರಯೋಜನ ಕಡಿಮೆ.

ಸರಿಯಾದ ಅನುಪಾತದ ಶಕ್ತಿ ಎಂಥದು ಎಂಬುದಕ್ಕೆ ಒಂದು ನಿದರ್ಶನ. 1971ರಲ್ಲಿ ಬಾಂಗ್ಲಾ ವಿಮೋಚನೆಯ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹರಡಿತು. ನರಕ್ಕೆ ಏರಿಸುವ ಗ್ಲೂಕೋಸ್ ಬಾಟಲಿಗಳು ಸಾಲಲಿಲ್ಲ. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾಗಳನ್ನು ತೂಕ ಮಾಡಿ ಬೆರೆಸಿ, ನೀರಿನಲ್ಲಿ ಕರಗಿಸಿ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಬೆರೆಸಿದ ಪದಾರ್ಥಗಳೆಲ್ಲ ಸಾಮಾನ್ಯವಾದವೇ. ಜೀವ ಉಳಿಸಿದ್ದು ಅವುಗಳ ಪ್ರಮಾಣ.

ಈಗ ಪಾಠಕ್ಕೆ ಬರೋಣ. ಒಂದೇ ಬಗೆಯ ಎರಡು ಪರಿಮಾಣಗಳಲ್ಲಿ ಒಂದು ಇನ್ನೊಂದರ ಎಷ್ಟು ಪಟ್ಟು ಎಂದು ಹೇಳುವುದೇ ಅನುಪಾತ. ಇಡ್ಲಿಗೆ ಮೂರು ಪಾವು ಅಕ್ಕಿ, ಒಂದು ಪಾವು ಉದ್ದು ನೆನೆಹಾಕಿದರೆ ಅನುಪಾತ 3:1. ಪಾವಿನ ಬದಲು ಲೋಟ ಹಿಡಿದರೂ 3:1, ಸೇರು ಹಿಡಿದರೂ 3:1. ಆದರೆ ಎರಡಕ್ಕೂ ಅಳತೆ ಒಂದೇ ಇರಬೇಕು. 500 ಗ್ರಾಂಗೂ 2 ಕಿಲೋಗೂ ಇರುವ ಅನುಪಾತ 500:2 ಎಂದು ಬರೆದರೆ ಸೊನ್ನೆ ಅಂಕ. ಎರಡನ್ನೂ ಗ್ರಾಂಗೆ ತಂದರೆ 500:2000, ಅಂದರೆ 1:4.

ಮಕ್ಕಳು ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ. ಮನೆಗೆ ನೆಂಟರು ಬಂದರು, ಹಿಟ್ಟು ಎರಡರಷ್ಟು ಬೇಕು. ಅಕ್ಕಿಗೆ ಮೂರು ಪಾವು ಸೇರಿಸಿದೆವು, ಹಾಗಾದರೆ ಉದ್ದಿಗೂ ಮೂರು ಪಾವು ಸೇರಿಸೋಣ ಎಂದರೆ ಏನಾಯಿತು? 6:4, ಅಂದರೆ 3:2. ಅಕ್ಕಿಗೆ ಹೋಲಿಸಿದರೆ ಉದ್ದು ಎರಡರಷ್ಟಾಯಿತು! ಬೇಕಾದದ್ದು 6:2. ಎರಡೂ ಕಡೆ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅನುಪಾತ ಉಳಿಯುತ್ತದೆ, ಒಂದೇ ಸಂಖ್ಯೆಯನ್ನು ಕೂಡಿಸಿದರೆ ಕೆಡುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಅರ್ಧ ಅಧ್ಯಾಯ ಮುಗಿದಂತೆ.

ಇನ್ನೊಂದು ಗೊಂದಲ: 3:1 ಎಂದರೆ ಉದ್ದು ಮೂರನೇ ಒಂದು ಭಾಗವೇ? ಅಕ್ಕಿಗೆ ಹೋಲಿಸಿದರೆ ಹೌದು. ಆದರೆ ಒಟ್ಟು ನಾಲ್ಕು ಪಾವಿನಲ್ಲಿ ಅದು ನಾಲ್ಕನೇ ಒಂದು ಭಾಗ. ಚಿನ್ನದಂಗಡಿಯಲ್ಲೂ ಇದೇ ಲೆಕ್ಕ. 22 ಕ್ಯಾರೆಟ್ ಎಂದರೆ 24 ಭಾಗದಲ್ಲಿ 22 ಚಿನ್ನ, 2 ಬೇರೆ ಲೋಹ. ಚಿನ್ನಕ್ಕೂ ಬೇರೆ ಲೋಹಕ್ಕೂ ಅನುಪಾತ 11:1. ಒಟ್ಟು ತೂಕದಲ್ಲಿ ಸಾವಿರಕ್ಕೆ ಸುಮಾರು 916 ಚಿನ್ನ. ಒಡವೆಯ ಮೇಲೆ 916 ಎಂದು ಮುದ್ರೆ ಒತ್ತಿರುವುದು ಇದಕ್ಕೇ.

ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಾದರೆ ಏಳೂವರೆ ಪಾವಿಗೆ ಎಷ್ಟು? ಎರಡೂವರೆ ಪಾವು. ಗೊತ್ತಿರುವ ಮೂರರಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಈ ವಿಧಾನವೇ ತ್ರೈರಾಶಿಕ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ'ದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ವ್ಯಾಪಾರ, ಬಡ್ಡಿ, ಮಿಶ್ರಣ ಎಲ್ಲಕ್ಕೂ ಬೇಕಾದ ಲೆಕ್ಕವಿದು.

ಪಾಲಕರಿಗೆ ಒಂದು ಮಾತು. ಮಕ್ಕಳು ಅನುಪಾತದ ಲೆಕ್ಕ ತಪ್ಪಿದರೆ ಗದರಬೇಡಿ. ಅಕ್ಕಿ ಅಳೆಯುವ ಕೆಲಸವನ್ನು ಅವರಿಗೆ ವಹಿಸಿ. ಮನೆಗೆ ತಂದ ಔಷಧದ ಪೊಟ್ಟಣವನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಹಾಕುವ ಪೊಟ್ಟಣವೂ ಇದೆ, ಒಂದು ಲೋಟಕ್ಕೆ ಹಾಕುವ ಚಿಕ್ಕದೂ ಇದೆ. ಯಾವುದೆಂದು ನೋಡಿಯೇ ನೀರು ಅಳೆಯಿರಿ. ಕಲಸಿದ್ದು 24 ಗಂಟೆಯ ನಂತರ ಉಳಿದರೆ ಚೆಲ್ಲಿಬಿಡಿ. ನಮ್ಮ ಮೊಮ್ಮಗ ಎರಡೇ ದಿನದಲ್ಲಿ ಚೇತರಿಸಿಕೊಂಡ. ಅಂದಿನಿಂದ ಮನೆಯಲ್ಲಿ ಪೊಟ್ಟಣ ಓದುವ ಅಧಿಕಾರ ಮೊಮ್ಮಗಳದು!

ಈ ವಾರದ ಲೆಕ್ಕ: ಅಪ್ಪನಿಗೆ 36 ವರ್ಷ, ಮಗನಿಗೆ 12. ವಯಸ್ಸಿನ ಅನುಪಾತ 3:1. ಇದು 2:1 ಆಗುವುದು ಎಷ್ಟು ವರ್ಷಗಳ ನಂತರ? ಎಂದಾದರೂ 1:1 ಆದೀತೆ? ಅಪ್ಪ ಮಗ ಇಬ್ಬರೂ ಕುಳಿತು ಬಿಡಿಸಿ.