ಅಭಾವದ ನೆಪ

ಸೆರೆಯಾಳುಗಳು ಸತ್ತಾಗ ಹೇಳಲು ಒಂದು ಮಾತು ಎಲ್ಲರ ಬಳಿಯೂ ಸಿದ್ಧವಾಗಿರುತ್ತದೆ: ‘ಯುದ್ಧಕಾಲ ಸ್ವಾಮೀ, ನಮಗೇ ಇರಲಿಲ್ಲ, ಅವರಿಗೆಲ್ಲಿಂದ ತರೋಣ?’ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ನಡೆಸಿದ ಸೆರೆಶಿಬಿರವನ್ನು ಸಮರ್ಥಿಸುವ ಮಹನೀಯರೂ ಇದನ್ನೇ ಹೇಳುತ್ತ ಬಂದಿದ್ದಾರೆ. ನಾನಿದನ್ನು ಒಪ್ಪಲಾರೆ.

ಅನ್ನಕ್ಕೆ ಬರವಿತ್ತು, ಸರಿ. ದಕ್ಷಿಣದ ಸಿಪಾಯಿಗಳೇ ಅರೆಹೊಟ್ಟೆಯಲ್ಲಿದ್ದರು. ಮರಕ್ಕೂ ಬರವಿತ್ತೆ? ಸುತ್ತಲೂ ಪೈನ್ ಕಾಡು. ಆ ಮರಗಳನ್ನೇ ಕಡಿದು ಆವರಣದ ಗೋಡೆ ನಿಲ್ಲಿಸಿದರು. ಒಳಗಿನವರಿಗೆ ಸೂರು ಕಟ್ಟಿಕೊಡಲಿಲ್ಲ. ಹರಕು ಕಂಬಳಿ ಕಟ್ಟಿಕೊಂಡು, ನೆಲದಲ್ಲಿ ಗುಂಡಿ ತೋಡಿಕೊಂಡು ಅವರು ಮಳೆ ಬಿಸಿಲು ಕಳೆದರು. ನೀರಿಗೆ ಸಣ್ಣದೊಂದು ಹಳ್ಳ. ಅದರ ಮೇಲುಗಡೆಗೆ ಕಾವಲಿನವರ ಬಿಡಾರ, ಅಡುಗೆಮನೆ. ಆ ಕೊಳೆಯೆಲ್ಲ ಹರಿದು ಬಂದ ನೀರನ್ನೇ ಕೆಳಗಿನವರು ಕುಡಿಯಬೇಕು. ಬಿಡಾರವನ್ನು ಹಳ್ಳದ ಕೆಳಗಡೆಗೆ ಹಾಕಲು ಯಾವ ಬೊಕ್ಕಸ ಬೇಕಿತ್ತು? 10,000 ಜನಕ್ಕೆಂದು ಯೋಜಿಸಿದ ಶಿಬಿರದಲ್ಲಿ 1864ರ ಆಗಸ್ಟಿನ ಹೊತ್ತಿಗೆ 32,000ಕ್ಕೂ ಮಿಕ್ಕಿ ಇದ್ದರು. ಕರಿಯ ಸಿಪಾಯಿಗಳನ್ನು ಬಿಳಿಯರ ಸಮಕ್ಕೆ ವಿನಿಮಯ ಮಾಡಲು ದಕ್ಷಿಣದವರು ಒಪ್ಪದೆ, ಸೆರೆಯಾಳುಗಳ ವಿನಿಮಯವೇ ನಿಂತುಹೋಗಿತ್ತು. ಒಟ್ಟು ಬಂದವರು ಸುಮಾರು 45,000. ಅಲ್ಲೇ ಮಣ್ಣಾದವರು ಸುಮಾರು 13,000.

ಗೆದ್ದ ಉತ್ತರದವರು 1865ರ ನವೆಂಬರಿನಲ್ಲಿ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನನ್ನು ಗಲ್ಲಿಗೇರಿಸಿದರು. ಆತ ಸಾಧುವೆಂದು ನನ್ನ ವಾದವಲ್ಲ. ಆದರೆ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಇದೇ ಉತ್ತರದವರ ಸೆರೆಯಲ್ಲಿದ್ದ 12,000 ದಕ್ಷಿಣದವರಲ್ಲಿ 3,000ದ ಹತ್ತಿರ ಜನ ಸತ್ತರಲ್ಲ! ಅಲ್ಲಿ ಯಾವ ಬರವಿತ್ತು? ಸೇಡಿಗಾಗಿಯೇ 1864ರಲ್ಲಿ ಸೆರೆಯಾಳುಗಳ ಪಡಿಯನ್ನು ಕಡಿತಮಾಡಿದ್ದರು.