ಮಕ್ಕಳ ಪುಸ್ತಕ ಕೂಡಿಡುವುದು ಯಾರಿಗಾಗಿ?

ಮಕ್ಕಳಿಗೆಂದೇ ಬಂದ ಹಳೆಯ ಸಚಿತ್ರ ಕಥಾಸಂಕಲನಗಳನ್ನು ದೊಡ್ಡವರು ಹುಡುಕಿ ತಂದು, ದುಬಾರಿ ಬೆಲೆ ತೆತ್ತು, ಗಾಜಿನ ಬೀರುವಿನಲ್ಲಿ ಜೋಡಿಸಿಡುತ್ತಾರೆ. ಮಗುವಿನ ಕೈಗೆ ಸಿಗದ ಮೇಲೆ ಅದು ಮಕ್ಕಳ ಪುಸ್ತಕ ಹೇಗಾದೀತು ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳೂ ಇದೆ. ಆದರೂ ಇಂಥ ಸಂಗ್ರಹ ಬೇಕೇ ಬೇಕು ಎಂಬುದು ನನ್ನ ವಾದ.

ಮಕ್ಕಳ ಪುಸ್ತಕದಷ್ಟು ಬೇಗ ಹಾಳಾಗುವ ಪುಸ್ತಕ ಇನ್ನೊಂದಿಲ್ಲ. ದೊಡ್ಡವರ ಗ್ರಂಥ ಧೂಳು ಹಿಡಿದಾದರೂ ಕಪಾಟಿನಲ್ಲಿ ಉಳಿಯುತ್ತದೆ. ಮಕ್ಕಳದ್ದು ಅಕ್ಕನಿಂದ ತಮ್ಮನಿಗೆ, ಅಲ್ಲಿಂದ ಪಕ್ಕದ ಮನೆಗೆ ದಾಟಿ, ರಟ್ಟು ಕಿತ್ತುಹೋಗಿ, ಕೊನೆಗೆ ರದ್ದಿಗೆ ಬೀಳುತ್ತದೆ. 1949ರಲ್ಲಿ ಶುರುವಾದ ಕನ್ನಡ ‘ಚಂದಮಾಮ’ವನ್ನು ಮುಗಿಬಿದ್ದು ಓದಿದವರು ಬಹಳ, ಜೋಪಾನವಾಗಿ ಕಟ್ಟಿಟ್ಟವರು ಕಡಿಮೆ. ಯಾರಾದರೂ ಎತ್ತಿಡದಿದ್ದರೆ, ಹೆಚ್ಚು ಪ್ರೀತಿ ಪಡೆದ ಪುಸ್ತಕವೇ ಮೊದಲು ಕಣ್ಮರೆಯಾಗುತ್ತದೆ.

ಕಥೆಯನ್ನು ಮತ್ತೆ ಅಚ್ಚು ಹಾಕಿದರೆ ಸಾಲದೇ ಎನ್ನಬಹುದು. ಸಾಲದು, ಏಕೆಂದರೆ ಇಲ್ಲಿ ಚಿತ್ರ ಬರೀ ಅಲಂಕಾರವಲ್ಲ. 1865ರಲ್ಲಿ ‘ಆಲಿಸ್’ ಅಚ್ಚಾದಾಗ, ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಚಿತ್ರಕಾರ ಜಾನ್ ಟೆನಿಯಲ್ ಅಸಮಾಧಾನಪಟ್ಟರು. ಲೇಖಕ ಲೂಯಿಸ್ ಕ್ಯಾರಲ್ 2,000 ಪ್ರತಿಗಳ ಆ ಮುದ್ರಣವನ್ನೇ ಕೈಬಿಟ್ಟು, ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದರು. ಆಂಡ್ರ್ಯೂ ಲ್ಯಾಂಗ್ 1889ರಿಂದ 1910ರವರೆಗೆ ಹೊರತಂದ, ಬಣ್ಣಗಳ ಹೆಸರಿನ 12 ಜಾನಪದ ಕಥಾಸಂಪುಟಗಳಲ್ಲಿ ನಾನಾ ದೇಶಗಳ ಕಥೆಗಳಿವೆ. ಅವೆಲ್ಲ ಒಂದೇ ಲೋಕದವು ಎನಿಸುವಂತೆ ಮಾಡಿದ್ದು ಎಚ್. ಜೆ. ಫೋರ್ಡ್ ಅವರ ರೇಖೆ. ಅದನ್ನು ಕೈಬಿಟ್ಟ ಮರುಮುದ್ರಣದಲ್ಲಿ ಕಥೆ ಸಿಗುತ್ತದೆ, ಆ ಲೋಕ ಸಿಗುವುದಿಲ್ಲ.

ಹಾಗೆಯೇ ಕಥೆ ಬಿಟ್ಟು ಚಿತ್ರ ಉಳಿಸಿದರೂ ನಷ್ಟವೇ. ಆರ್ಥರ್ ರ್‍ಯಾಕಮ್ 1906ರಲ್ಲಿ ಚಿತ್ರಿಸಿದ ‘ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್’ನಲ್ಲಿ 50 ವರ್ಣಚಿತ್ರಗಳಿವೆ. ಅವು ನುಣುಪು ಕಾಗದದಲ್ಲಿ ಬೇರೆಯಾಗಿ ಅಚ್ಚಾಗಿ, ದಪ್ಪ ಹಾಳೆಗೆ ಅಂಟಿಕೊಂಡಿವೆ. ಮೇಲೊಂದು ತೆಳು ಕಾಗದದ ಹೊದಿಕೆ. ಸುಲಭವಾಗಿ ಬಿಡಿಸಬಹುದೆಂದು ಇಂಥ ಪುಸ್ತಕಗಳನ್ನು ಒಡೆದು, ಬಿಡಿ ಚಿತ್ರಗಳಿಗೆ ಚೌಕಟ್ಟು ಹಾಕಿ ಮಾರುವವರಿದ್ದಾರೆ. ಇದು ಸಂಗ್ರಹವಲ್ಲ, ಕೊಳ್ಳೆ.

ಇನ್ನು ಮೊದಲಿನ ಆಕ್ಷೇಪಕ್ಕೆ ಉತ್ತರ. ಇಂಗ್ಲೆಂಡಿನ ಗ್ರಂಥಪಾಲಕ ಎಡ್ಗರ್ ಆಸ್ಬರ್ನ್ 1949ರಲ್ಲಿ ತಮ್ಮ ಸುಮಾರು 2,000 ಹಳೆಯ ಮಕ್ಕಳ ಪುಸ್ತಕಗಳನ್ನು ಕೆನಡಾದ ಟೊರಾಂಟೊ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟರು. ಆ ಸಂಗ್ರಹ ಅಲ್ಲಿ ಬೆಳೆಯಿತು, ಸಾರ್ವಜನಿಕರಿಗೆ ತೆರೆದುಕೊಂಡಿತು. ಅದರ ಪ್ರತಿಗಳಿಂದ ಯಥಾಪ್ರತಿ ಮುದ್ರಣಗಳೂ ಬಂದವು. ಒಂದು ಮೂಲಪ್ರತಿ ಸುರಕ್ಷಿತವಾಗಿದ್ದರೆ ಸಾವಿರ ಹೊಸ ಪ್ರತಿಗಳು ಮಕ್ಕಳ ಕೈಯಲ್ಲಿ ಸುಖವಾಗಿ ಹರಿದುಹೋಗಬಹುದು.

ಹಾಗಾಗಿ ಬೀರುವಿಗೆ ಬೀಗ ಹಾಕುವುದು ತಪ್ಪಲ್ಲ, ಬೀಗದ ಕೈ ಯಾರಿಗೂ ಸಿಗದಂತೆ ಮಾಡುವುದು ತಪ್ಪು. ಸಂಗ್ರಾಹಕ ತನ್ನ ಕಾಲದಲ್ಲೇ ಪುಸ್ತಕಗಳ ಪಟ್ಟಿ ಮಾಡಬೇಕು, ಕೇಳಿದವರಿಗೆ ತೋರಿಸಬೇಕು, ತನ್ನ ನಂತರ ಅವು ಯಾವ ಗ್ರಂಥಾಲಯಕ್ಕೆ ಸೇರಬೇಕೆಂದು ಬರೆದಿಡಬೇಕು. ಇಷ್ಟು ಮಾಡಿದವನು ಮಕ್ಕಳ ಪುಸ್ತಕವನ್ನು ಮಕ್ಕಳಿಗಾಗಿಯೇ ಕೂಡಿಟ್ಟವನು.