ಬಾಂಡ್ ಪೇಪರಿನ ಕಳ್ಳ ನಮ್ಮವನು, ಕತೆ ಮಾತ್ರ ಹಿಂದಿಯದೇ?

2010ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿ ‘ಲೋನ್ ಸ್ಟಾರ್’ ಎಂಬ ಧಾರಾವಾಹಿ ತೋರಿಸಿತು. ಟೆಕ್ಸಾಸಿನ ಒಂದು ಊರಲ್ಲಿ ಹೆಂಡತಿ, ಇನ್ನೊಂದು ಊರಲ್ಲಿ ಪ್ರೇಯಸಿ. ಎಣ್ಣೆಬಾವಿಯ ಹೆಸರು ಹೇಳಿ ಜನರ ದುಡ್ಡು ನುಂಗುವ ವಂಚಕನ ಎರಡು ಬಾಳಿನ ಕತೆ. ನೋಡುವವರು ಸಾಲಲಿಲ್ಲ. ಎರಡೇ ಕಂತಿಗೆ ಅಂಗಡಿ ಮುಚ್ಚಿತು. ಸೋತರೇನಂತೆ? ತಮ್ಮ ನೆಲದ ಕಳ್ಳನ ಕತೆಯನ್ನು ಅವರು ತಮ್ಮ ನುಡಿಯಲ್ಲೇ ಹೇಳಿದರು.

ನಾವು?

ಖಾನಾಪುರದ ಅಬ್ದುಲ್ ಕರೀಂ ತೆಲಗಿ ಕಟ್ಟುಕತೆಯ ವಂಚಕನಲ್ಲ. ಹಣ್ಣು ಮಾರಿ ಬೆಳೆದ ಹುಡುಗ ಮುಂಬೈ ಸೇರಿದ. 1994ರಲ್ಲಿ ಛಾಪಾ ಕಾಗದ ಮಾರುವ ಪರವಾನಗಿ ಪಡೆದ. ಹೊರಗೆ ಲೈಸನ್ಸಿನ ವ್ಯಾಪಾರಿ, ಒಳಗೆ ನಕಲಿ ಕಾಗದ ಅಚ್ಚು ಹಾಕುವ ಧಣಿ! 2000ದಲ್ಲಿ ಬೆಂಗಳೂರಿನ ಪೊಲೀಸರಿಗೆ ನಕಲಿ ಕಾಗದ ಸಿಕ್ಕಿತು. 2001ರಲ್ಲಿ ಅಜ್ಮೇರಿನಲ್ಲಿ ಅವನೇ ಸಿಕ್ಕಿಬಿದ್ದ. ಮುಂದೆ 30 ವರ್ಷಗಳ ಶಿಕ್ಷೆಯಾಯಿತು. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತ.

ಹುಟ್ಟಿದ್ದು ಕರ್ನಾಟಕದಲ್ಲಿ, ಸತ್ತದ್ದು ಕರ್ನಾಟಕದಲ್ಲಿ. ಆದರೆ 2023ರಲ್ಲಿ ಅವನ ಕತೆ ‘ಸ್ಕ್ಯಾಮ್ 2003’ ಎಂದು ಹತ್ತು ಕಂತುಗಳಲ್ಲಿ ಬಂದದ್ದು ಹಿಂದಿಯಲ್ಲಿ. ಗಗನ್ ದೇವ್ ರಿಯಾರ್ ಚೆನ್ನಾಗಿಯೇ ನಟಿಸಿದ್ದಾರೆ. ಒಳ್ಳೆಯ ಕೆಲಸ ಮಾಡಿದವರ ಮೇಲೆ ನಮಗೆ ಸಿಟ್ಟಿಲ್ಲ. ಮನೆ ಬಾಗಿಲಲ್ಲಿ ಬಿದ್ದ ಕತೆಯನ್ನು ದಾಟಿಕೊಂಡು ಹೋದ ನಮ್ಮ ವಾಹಿನಿಗಳ ಮೇಲೆ ಸಿಟ್ಟು.

ಏಕೆಂದರೆ ಈ ಕತೆಯಲ್ಲಿ ಕಳ್ಳನೊಬ್ಬನೇ ಇಲ್ಲ, ಕಾಗದ ಕೊಂಡವನೂ ಇದ್ದಾನೆ. ಇಂಡಿಯ ಲಿಂಬೆ ತೋಟದವನು, ಸಿಂದಗಿಯ ತೊಗರಿ ಬೆಳೆಯುವವನು, ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕುಟುಂಬಗಳು—ಇವರ ಟ್ರಂಕಿನ ತಳದಲ್ಲಿ ಇರುವುದು ಬಂಗಾರವಲ್ಲ, ಬಾಂಡ್ ಪೇಪರು. ಖರೀದಿ ಪತ್ರ, ವಾಟ್ನಿ ಪತ್ರ, ಸಾಲದ ಕರಾರು. ಸರಕಾರದ ಮುದ್ರೆ ನೋಡಿ ನಂಬಿ ಹೆಬ್ಬೆಟ್ಟು ಒತ್ತಿದವರು. ಮುದ್ರೆಯೇ ಸುಳ್ಳೆಂದು ಪೇಪರಿನಲ್ಲಿ ಬಂದಾಗ, “ನಮ್ಮ ಹೊಲದ ಕಾಗದ ಖರೇ ಐತೋ, ಸುಳ್ಳ ಐತೋ?” ಎಂದು ಕೇಳುವವನ ಎದೆಬಡಿತವನ್ನು ಹಿಂದಿಯಲ್ಲಿ ಹೇಳಲಾದೀತೇ?

ಆ ಮಾತಿಗೆ ನಮ್ಮ ಧಾರಾವಾಹಿಗಳು ಕೊಟ್ಟ ಜಾಗ ಯಾವುದು? ವಿಜಯಪುರದ ಕನ್ನಡ ಬಂತೆಂದರೆ ಅಡುಗೆ ಭಟ್ಟ, ಇಲ್ಲವೇ ನಗೆಪಾಟಲಿನ ಮಾವ. ನಾಲ್ಕು ತಾಲ್ಲೂಕಿನ ಜನ ಕಾಸು ಕೊಟ್ಟು ಚಾನೆಲ್ ನೋಡಬೇಕು. ಅವರ ಮಾತು ಮಾತ್ರ ನಗುವುದಕ್ಕೆ! ಇದೂ ಎರಡು ಮುಖದ ಬಾಳೇ ಅಲ್ಲವೇ?

ಯುವಮಿತ್ರರೇ, ಇದು ಬರಿಯ ಮನರಂಜನೆಯ ಮಾತಲ್ಲ. ಛಾಪಾ ಕಾಗದ ಹೋಗಿ ಇ-ಸ್ಟಾಂಪ್ ಬಂದಿದೆ. ವಂಚಕರು ಈಗ ಮೊಬೈಲಿನಲ್ಲಿ ಬರುತ್ತಾರೆ. ತಿಳಿಯದ ಭಾಷೆಯ ಷರತ್ತಿಗೆ ಸಹಿ ಹಾಕುವವನು ಇರುವವರೆಗೂ ಹೊಸ ತೆಲಗಿಗಳು ಹುಟ್ಟುತ್ತಲೇ ಇರುತ್ತಾರೆ. ಮೋಸ ಹೇಗೆ ನಡೆಯುತ್ತದೆಂದು ಜನರ ಮಾತಿನಲ್ಲೇ ತೋರಿಸುವ ಕತೆ ಸಾವಿರ ಎಚ್ಚರಿಕೆಯ ಫಲಕಗಳಿಗೆ ಸಮ.

ಆದ್ದರಿಂದ ನಮ್ಮ ಬೇಡಿಕೆ ನೇರವಾಗಿದೆ: ಕಾಗದ ಕೊಂಡವನ ಕತೆ ಬರಲಿ. ವಿಜಯಪುರದ ಕನ್ನಡದಲ್ಲಿ, ಅಲ್ಲಿಯ ಕಲಾವಿದರಿಂದಲೇ ಬರಲಿ. ವಾಹಿನಿಗಳಿಗೆ ಪತ್ರ ಬರೆಯಿರಿ, ಹೋಗಿ ಕೇಳಿರಿ. ಎರಡೇ ಕಂತಿಗೆ ನಿಂತರೂ ಚಿಂತೆಯಿಲ್ಲ. ಶುರುವೇ ಆಗದಿದ್ದರೆ ಅದು ನಮ್ಮ ಸೋಲು.